ಮೊದಲ ದಿನ ಉಟ್ಟ ಹಾಗೆ

ಸಿಂಗಪುರದಲ್ಲಿ ಕೂತು ಜಪಾನಿನವಳಾಗಲು ಹೊರಟ ಮೈಸೂರಿನವಳು ನಾನು. ಈ ಮಾತು ನನ್ನದಲ್ಲ, ನನ್ನ ಗಂಡನದು. ಆಫೀಸಿನಿಂದ ಫೋನು ಬಂದರೆ ನಾನು ಅಡುಗೆಮನೆಯಲ್ಲಿ ನಿಂತು, ಕೈಯಲ್ಲಿ ಸಾರಿನ ಸೌಟು ಹಿಡಿದೇ, ಕಾಣದ ಮನುಷ್ಯನಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದೆ. ಅವನು ಸೋಫಾದಿಂದಲೇ ನೋಡಿ, "ಲೇ, ಅವ್ರಿಗೆ ನೀನು ಕಾಣಲ್ಲ ಕಣೇ. ಸುಮ್ನೆ ಬ್ಯಾಕ್ ಪೇನ್ ಬರಿಸ್ಕೋತೀಯ" ಅನ್ನುತ್ತಿದ್ದ. ಮನೆಗೆ ಬಂದವರ ಚಪ್ಪಲಿಗಳನ್ನೆಲ್ಲ ಬಾಗಿಲ ಕಡೆ ಮುಖ ಮಾಡಿ ಜೋಡಿಸಿಡುತ್ತಿದ್ದೆ. "ಬಂದೋರನ್ನ ಬೇಗ ಹೊರಡಿ ಅಂದ ಹಾಗಿದೆ ನೋಡು" ಎಂದು ಅದಕ್ಕೂ ಕೊಂಕು ತೆಗೆಯುತ್ತಿದ್ದ. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನಗೆ ಅದರಲ್ಲಿ ಹೆಮ್ಮೆಯಿತ್ತು. ಆ ಹೆಮ್ಮೆ ಏನು ಮಾಡಿಸಿತು ಅನ್ನುವುದನ್ನೇ ಈಗ ಹೇಳಲು ಹೊರಟಿದ್ದೇನೆ, ನಾಚಿಕೆಯಾದರೂ.

ಜಪಾನಿ ಕಲಿತದ್ದು ಬೆಂಗಳೂರಿನಲ್ಲಿ, ಕಂಪನಿಯವರು ಕಲಿಸಿದ್ದರಿಂದ. ಆಮೇಲೆ ಒಸಾಕಾದಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ನಾನು ಎಷ್ಟು ಸ್ವಚ್ಛವಾಗಿ ಮಾತಾಡಿದರೂ ಅಂಗಡಿಯವರು ನನ್ನ ಪಕ್ಕದಲ್ಲಿದ್ದ ಜಪಾನಿ ಸಹೋದ್ಯೋಗಿಯ ಮುಖ ನೋಡಿ ಉತ್ತರ ಹೇಳುತ್ತಿದ್ದರು. ರೈಲಿನಲ್ಲಿ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು, ಕೆಲವು ದಿನ ತುಂಬುತ್ತಲೇ ಇರಲಿಲ್ಲ. ಮೂರನೆಯ ವರ್ಷದಲ್ಲೂ ನನಗೆ ಚಾಪ್‌ಸ್ಟಿಕ್ ಹಿಡಿಯಲು ಬರುತ್ತದೆಂದು ಆಶ್ಚರ್ಯಪಟ್ಟು ಹೊಗಳುವವರಿದ್ದರು. ಯಾರೂ ಕೆಟ್ಟವರಲ್ಲ. ಆದರೆ ಹೊಸ್ತಿಲಾಚೆ ನಿಲ್ಲಿಸಿ ಉಪಚಾರ ಮಾಡಿದ ಹಾಗಿತ್ತು ಅದೆಲ್ಲ. ಗಂಡನ ಕೆಲಸಕ್ಕೆಂದು ಸಿಂಗಪುರಕ್ಕೆ ಶಿಫ್ಟ್ ಆದ ಮೇಲೆ ತಂಜಾಂಗ್ ಪಗಾರ್‌ನ ಒಂದು ಜಪಾನಿ ಕಂಪನಿಯಲ್ಲಿ ನನಗೆ ದುಭಾಷಿಯ ಕೆಲಸ ಸಿಕ್ಕಿತು. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವುದು. ಒಂದು ಮಾತು ಸೇರಿಸುವವಳಲ್ಲ, ಒಂದು ಮಾತು ಬಿಡುವವಳಲ್ಲ ಎಂದು ಹೆಸರು ಬಂತು. ಒಸಾಕಾದಲ್ಲಿ ಸಿಗದೆ ಹೋದದ್ದನ್ನು ಇಲ್ಲಿ ಹೇಗಾದರೂ ಗಿಟ್ಟಿಸಿಕೊಳ್ಳಬೇಕೆಂಬ ಹಟ ಹತ್ತಿದ್ದು ಆಗಲೇ.

ಕ್ಲೆಮೆಂಟಿಯ ಹಳೆಯ ಬ್ಲಾಕೊಂದರ ಹತ್ತನೆಯ ಮಹಡಿಯಲ್ಲಿ ಒಬ್ಬ ಜಪಾನಿ ಹೆಂಗಸು ಶನಿವಾರಗಳಂದು ಕಿಮೋನೊ ಉಡುವುದನ್ನೂ ಉಡಿಸುವುದನ್ನೂ ಕಲಿಸುತ್ತಾರೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿದವರು, ತೆಳ್ಳಗೆ, ನೆಟ್ಟಗೆ. ಇಲ್ಲಿಯ ಚೀನೀ ಎಂಜಿನಿಯರೊಬ್ಬನನ್ನು ಮದುವೆಯಾಗಿ ನಲವತ್ತು ವರ್ಷಗಳ ಹಿಂದೆ ಬಂದವರಂತೆ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಊರಿನ ಇನ್ನೊಂದು ತುದಿಯ ಪಾಸಿರ್ ರಿಸ್‌ನಲ್ಲಿದ್ದಳು. ಕಲಿಯಲು ಬರುವವರೆಲ್ಲ ಅವರನ್ನು ಸೆನ್ಸೇ ಎಂದು, ಅಂದರೆ ಗುರುಗಳೇ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಮಿಕ್ಕ ಮೂವರೂ ಜಪಾನಿ ಹೆಂಗಸರು, ಗಂಡಂದಿರ ಕೆಲಸದ ಜೊತೆ ಬಂದವರು. ಸೆನ್ಸೇ ನಮಗೆಲ್ಲ ಒಂದೊಂದು ಹತ್ತಿಯ ತೆಳು ಕಿಮೋನೊ ಕೊಟ್ಟು, ತೋಚಿದ ಹಾಗೆ ಉಟ್ಟುಕೊಳ್ಳಿ ನೋಡೋಣ ಎಂದರು. ನನಗೇನು ಹೇಳಿಕೊಡಬೇಕು? ಹದಿನಾರನೆಯ ವಯಸ್ಸಿನಿಂದ ಸೀರೆ ಉಟ್ಟವಳು. ಸೀರೆಯಲ್ಲಿ ಬಟ್ಟೆ ಬಲಗಡೆಯಿಂದ ಬಂದು, ಎದೆಯ ಮೇಲೆ ಹಾದು, ಎಡಗಡೆಗೆ ಹೋಗುತ್ತದೆ. ಕೈ ತನ್ನ ಪಾಡಿಗೆ ಅದನ್ನೇ ಮಾಡಿತು. ಎಡ ಅಂಚನ್ನು ಒಳಗೆ ಸೇರಿಸಿ, ಬಲ ಅಂಚನ್ನು ಅದರ ಮೇಲೆ ಎಡಸೊಂಟದವರೆಗೆ ಎಳೆದು, ಸೆರಗು ಸರಿಮಾಡಿಕೊಳ್ಳುವ ಹಾಗೆ ಎದೆಯ ಮೇಲೊಮ್ಮೆ ಸವರಿಕೊಂಡು ತಲೆಯೆತ್ತಿದೆ. ಒಬ್ಬಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಸೆನ್ಸೇ ಎರಡೇ ಹೆಜ್ಜೆಯಲ್ಲಿ ನನ್ನ ಬಳಿ ಬಂದು, ಮಾತಿಲ್ಲದೆ, ಎದೆಯ ಮೇಲಿನ ಬಟ್ಟೆಯನ್ನು ಎರಡೂ ಕೈಯಿಂದ ಬಿಡಿಸಿದರು.

"ಬಲ ಮೇಲೆ ಬರುವುದು ಹೆಣಕ್ಕೆ," ಎಂದರು ಮೆಲ್ಲಗೆ. "ಬದುಕಿದವರಿಗೆ ಎಡ ಮೇಲೆ."

ನನ್ನ ಕಿವಿ ಬಿಸಿಯಾಯಿತು. ಕ್ಲಾಸು ಮುಗಿದು ಮಿಕ್ಕವರು ಹೋದ ಮೇಲೆ ಅವರು ನನ್ನನ್ನು ಕೂರಿಸಿಕೊಂಡು ಟೀ ಕೊಟ್ಟು ವಿವರಿಸಿದರು. ಸತ್ತವರಿಗೆ ಎಲ್ಲವನ್ನೂ ತಿರುವುಮುರುವು ಮಾಡುತ್ತಾರಂತೆ. ಹಾಗೆ ಮಾಡಿದರೇನೇ ತಾನು ಹೋದೆ ಎಂದು ಅವರಿಗೆ ತಿಳಿಯುವುದು, ಇಲ್ಲದಿದ್ದರೆ ಏನೂ ಗೊತ್ತಾಗದೆ ಮನೆಯಲ್ಲೇ ಸುತ್ತುತ್ತಿರುತ್ತಾರೆ ಎಂದು ಅವರಜ್ಜಿ ಹೇಳುತ್ತಿದ್ದರಂತೆ. ನಾನು ನನ್ನ ಅಪ್ಪನ ತಿಥಿಯ ವಿಷಯ ಹೇಳಿದೆ. ಎಡ ಹೆಗಲ ಮೇಲಿನ ಜನಿವಾರವನ್ನು ನನ್ನಣ್ಣ ಅಂದು ಬಲ ಹೆಗಲಿಗೆ ಬದಲಾಯಿಸಿಕೊಳ್ಳುತ್ತಾನೆ, ದೇವರಿಗೆ ಒಂದು ಹೆಗಲು, ಹೋದವರಿಗೆ ಇನ್ನೊಂದು ಹೆಗಲು ಎಂದೆ. ಸೆನ್ಸೇ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. "ಹಾಗಾದರೆ ನಿಮಗೆ ಹೇಳಿಕೊಡುವುದು ಕಷ್ಟವಿಲ್ಲ," ಎಂದರು. ಒಸಾಕಾದಲ್ಲಿ ಮೂರು ವರ್ಷದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಎಂಆರ್‌ಟಿ ರೈಲಿನಲ್ಲಿ ಮನೆ ತಲುಪುವವರೆಗೂ ಅದನ್ನೇ ಚಪ್ಪರಿಸಿಕೊಂಡು ಬಂದೆ.

ಆದರೆ ಸೀರೆಯ ಕೈ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪ್ರತಿ ಶನಿವಾರ ಅದೇ ತಪ್ಪು. ಸೆನ್ಸೇ ಮಡಚಿದ ಬೀಸಣಿಗೆಯಿಂದ ನನ್ನ ಬೆರಳ ಗಿಣ್ಣಿಗೆ ಬಾರಿಸುತ್ತಿದ್ದರು. "ಎಡ ಮೇಲೆ." ಮತ್ತೆ ಬಿಚ್ಚು, ಮತ್ತೆ ಉಡು. "ಎಡ ಮೇಲೆ." ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಉಪಾಯ ಹೇಳಿಕೊಟ್ಟರು: ಸರಿಯಾಗಿ ಉಟ್ಟಿದ್ದರೆ ಎದೆಯ ಮಡಿಕೆಯೊಳಗೆ ಬಲಗೈ ಸಲೀಸಾಗಿ ಜಾರಬೇಕು. ತಪ್ಪಿದ್ದರೆ ಬಲಗೈಗೆ ಬಟ್ಟೆ ಅಡ್ಡ ಬರುತ್ತದೆ. ಆ ಮಡಿಕೆಯಲ್ಲೇ ಅವರು ಕರವಸ್ತ್ರ, ಮನೆ ಬೀಗದ ಕೈ, ಎಲ್ಲ ಇಟ್ಟುಕೊಳ್ಳುತ್ತಿದ್ದರು. ಬೇರೆಯವರಿಗೆ ಉಡಿಸುವುದು ಇನ್ನೂ ಕಷ್ಟ, ಎದುರು ನಿಂತಾಗ ಎಡಬಲ ಅದಲುಬದಲಾಗುತ್ತದೆ. ಅದಕ್ಕೆ ಅವರು ತಮ್ಮ ಮೈಯನ್ನೇ ಕೊಟ್ಟು ನಿಲ್ಲುತ್ತಿದ್ದರು. ನೂರು ಸಲ ಅವರಿಗೆ ಉಡಿಸಿದ್ದೇನೆ, ಸುಳ್ಳಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಕೈ ಬಗ್ಗಿತು. ಎಷ್ಟು ಬಗ್ಗಿತು ಅಂದರೆ, ಗೌರಿ ಹಬ್ಬದ ದಿನ ಸೀರೆ ಉಡಲು ನಿಂತು ಉಲ್ಟಾ ಸುತ್ತಿಕೊಂಡುಬಿಟ್ಟೆ. ಸೆರಗು ಬಲ ಹೆಗಲಿಗೆ ಬಂತು. ಗಂಡ ಬಾಗಿಲಲ್ಲಿ ನಿಂತು, "ಸೇಟು ಆಂಟಿ ಥರ ಆಗಿದೀಯ. ನಿಮ್ಮಮ್ಮ ನೋಡಿದ್ರೆ ಮುಗೀತು" ಎಂದು ನಕ್ಕ. ನಾನು ಅದನ್ನು ಸೆನ್ಸೇಗೆ ಬಹುಮಾನ ಬಂದವಳ ಹಾಗೆ ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನಕ್ಕರು.

ಮಿಕ್ಕವರ ಗಂಡಂದಿರಿಗೆ ವರ್ಗವಾಗಿ ಅವರೆಲ್ಲ ಊರಿಗೆ ಹೋದರು. ಬೇರೆಯವರು ಬಂದರು, ಅವರೂ ಹೋದರು. ಉಳಿದವಳು ನಾನು. ಕ್ಲಾಸು ಮುಗಿಸಿ ನಾವಿಬ್ಬರೂ ಕೆಳಗಿದ್ದ, ಸಾಲು ಊಟದಂಗಡಿಗಳ ಹಾಕರ್ ಸೆಂಟರ್‌ಗೆ ಹೋಗುತ್ತಿದ್ದೆವು. ಅವರು ಮೀನಿನ ಸೂಪು ತೆಗೆದುಕೊಂಡರೆ ನಾನು ಸಾರು, ಮೊಸರು ಎಲ್ಲ ಮರೆತವಳ ಹಾಗೆ ಅವರದೇ ಬಟ್ಟಲಿನಿಂದ ರುಚಿ ನೋಡುತ್ತಿದ್ದೆ. ಒಂದು ದಿನ ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಇಲ್ಲಿ ನಲವತ್ತು ವರ್ಷವಾದರೂ ಎಲ್ಲಿಂದ ಬಂದಿರಿ ಎಂದು ಕೇಳುತ್ತಾರೆ. ಅಲ್ಲಿಗೆ ಹೋದರೆ ವಾಪಸು ಯಾವಾಗ ಎಂದು ಕೇಳುತ್ತಾರೆ. ಯಾವ ಮನೆಗೆ ಹೋದರೂ ನಾನು ಚಪ್ಪಲಿ ಕಳಚಿದ ಜಾಗದಲ್ಲೇ ನಿಂತಿದ್ದೇನೆ." ಜಪಾನಿನಲ್ಲಿ ಅವರಿಗೆ ಉಳಿದಿದ್ದವರು ಒಬ್ಬರು ಅಕ್ಕ ಮಾತ್ರ, ಎಂಬತ್ತು ದಾಟಿದವರು, ವರ್ಷಕ್ಕೊಮ್ಮೆ ಹಸಿರು ಟೀ ಡಬ್ಬಿ ಕಳಿಸುತ್ತಿದ್ದರು. ಮಗಳಿಗೆ ಜಪಾನಿ ಬರುತ್ತಿರಲಿಲ್ಲ. ಸೆನ್ಸೇಯ ಅತ್ತೆ ಮನೆಯವರಿಗೆ ಆ ಭಾಷೆ ಕಿವಿಗೆ ಬಿದ್ದರೆ ಆಗುತ್ತಿರಲಿಲ್ಲವಂತೆ, ಯುದ್ಧದಲ್ಲಿ ಜಪಾನಿ ಸೈನ್ಯದ ಕಾಟ ಕಂಡ ಹಿರಿಯರಿದ್ದ ಮನೆ. ಮಗಳೊಂದಿಗೆ ತನ್ನ ಹರುಕುಮುರುಕು ಇಂಗ್ಲಿಷಿನಲ್ಲೇ ಮಾತಾಡಿ ಬೆಳೆಸಿದೆ ಎಂದು ಹೇಳುವಾಗ ಸೆನ್ಸೇ ನನ್ನ ಮುಖ ನೋಡುತ್ತಿರಲಿಲ್ಲ.

ಐದನೆಯ ವರ್ಷ ಅವರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡುವ ಹಂತ ಮೀರಿತ್ತು. ಕಾಯಿಲೆ ಏರಿದ ಹಾಗೆ ಅವರ ಇಂಗ್ಲಿಷು ಕಳಚಿಕೊಳ್ಳುತ್ತ ಬಂತು. ಮೊದಲು ದೊಡ್ಡ ಮಾತುಗಳು ಹೋದವು, ಆಮೇಲೆ ಸಣ್ಣವೂ. ಕೊನೆಗೆ ಬರೀ ಜಪಾನಿ. ಆಸ್ಪತ್ರೆಯಲ್ಲಿ ತಾಯಿ ಮಗಳ ನಡುವೆ ನಾನು ಕೂತು ಮಾತು ದಾಟಿಸಬೇಕಾಯಿತು. ಮಗಳು ನನಗಿಂತ ಹಿರಿಯಳು, ನಲವತ್ತರ ಆಸುಪಾಸು, ಮೆತ್ತಗಿನ ಹೆಣ್ಣು. ಬಂದಾಗಲೆಲ್ಲ ತಾಯಿಯ ಕಾಲ ಬಳಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಸೆನ್ಸೇ ಕಣ್ಣು ಮುಚ್ಚಿಕೊಂಡೇ ನನಗೆ ಹೇಳಿದರು, "ಅವಳಿಗೆ ಹೋಗಲು ಹೇಳಿ. ಅವಳು ಅಳುವುದನ್ನು ನೋಡಿದರೆ ನನಗೆ ಸುಸ್ತಾಗುತ್ತದೆ." ನಾನು ಹಾಗೆಯೇ ಹೇಳಿದೆ, ಒಂದಕ್ಷರ ಬಿಡದೆ.

ಮಗಳು ಬ್ಯಾಗು ಎತ್ತಿಕೊಂಡು ಹೊರಗೆ ಹೋದಳು. ಲಿಫ್ಟಿನ ಬಳಿ ನಾನು ಅವಳನ್ನು ಹಿಂದಿನಿಂದ ಹೋಗಿ ಕೂಡಿಕೊಂಡಾಗ, "ಸ್ವಲ್ಪ ಸಾಫ್ಟ್ ಮಾಡಿ ಹೇಳ್ಬಹುದಿತ್ತು ಲಾ. ನನ್ನ ತಾಯಿ ಅವರು," ಎಂದಳು ಇಲ್ಲಿಯವರ ಇಂಗ್ಲಿಷಿನಲ್ಲಿ.

"ಮಾತು ಬದಲಾಯಿಸೋದು ನನ್ನ ಕೆಲಸ ಅಲ್ಲ," ಎಂದೆ ನಾನು. ಹೌದು, ಇದೇ ಮಾತು, ಅಳುತ್ತಿದ್ದವಳ ಮುಖದ ಮೇಲೆ.

ಕಡೆಯ ತಿಂಗಳು ಅವರನ್ನು ಮನೆಗೆ ಕರೆತಂದರು. ಮಗಳು ಕೆಲಸಕ್ಕೆ ರಜೆ ಹಾಕಿ ತಾಯಿಯ ಜೊತೆ ಬಂದು ಉಳಿದಳು. ನಾನು ಶನಿವಾರಗಳಂದು ಹೋಗಿ ಬಿಸಿನೀರಲ್ಲಿ ಅವರ ಮೈ ಒರೆಸಿ, ಮಲಗುವ ಹತ್ತಿಯ ಕಿಮೋನೊ ಬದಲಾಯಿಸುತ್ತಿದ್ದೆ. ಮೂಳೆ ಕೈಗೆ ಸಿಗುತ್ತಿತ್ತು. ಒಮ್ಮೆ ಹಾಗೆ ಬದಲಾಯಿಸಿ ಮಲಗಿಸಿದಾಗ ಅವರು ಬೀರುವಿನ ಕೆಳಗಿನ ಖಾನೆ ತೋರಿಸಿದರು. ಒಳಗೆ ಕಾಗದದಲ್ಲಿ ಸುತ್ತಿದ ಬಿಳಿಯ ಬಟ್ಟೆ. ಕಾಯಿಲೆ ತಿಳಿದ ವಾರದಿಂದ ಅವರೇ ಕೂತು ಹೊಲಿದದ್ದು. ಕತ್ತರಿ ಮುಟ್ಟಿಸಿರಲಿಲ್ಲ, ಬಟ್ಟೆಯನ್ನು ಕೈಯಲ್ಲೇ ಹರಿದಿದ್ದರು. ಹೊಲಿದ ದಾರಕ್ಕೆ ಎಲ್ಲೂ ಗಂಟು ಹಾಕಿರಲಿಲ್ಲ, ಗಂಟು ಇದ್ದರೆ ಹೋಗುವವರ ಕಾಲಿಗೆ ತೊಡಕಂತೆ.

"ಇಲ್ಲಿಯ ಶವಸಂಸ್ಕಾರದ ಅಂಗಡಿಯವರಿಗೆ ಇದೆಲ್ಲ ತಿಳಿಯದು," ಎಂದರು. "ನನ್ನ ಗಂಡನಿಗೆ ಶರಟು ಪ್ಯಾಂಟು ಹಾಕಿ ಕಳಿಸಿದರು, ನನ್ನನ್ನು ಯಾರೂ ಕೇಳಲಿಲ್ಲ. ನನಗೆ ನೀವು ಉಡಿಸಿ. ನಾನು ಯಾವ ಊರನ್ನೂ ಪೂರ್ತಿ ಬಿಟ್ಟವಳಲ್ಲ, ಯಾವ ಊರಿಗೂ ಪೂರ್ತಿ ಸೇರಿದವಳಲ್ಲ. ಈ ಸಲ ಒಂದು ಸಲವಾದರೂ ಸರಿಯಾಗಿ ಹೊರಡಬೇಕು."

ನಾನು ಆಗಲಿ ಎಂದೆ.

ಅವರು ನನ್ನ ಬೆರಳ ಗಿಣ್ಣು ಮುಟ್ಟಿ, "ಮೊದಲ ದಿನ ನೀವು ಉಟ್ಟಿರಲ್ಲ, ಹಾಗೆ. ಅಷ್ಟು ನೆನಪಿಟ್ಟುಕೊಳ್ಳಿ. ಅದನ್ನು ಯಾರೂ ಹೇಳಿಕೊಡದೆ ಉಟ್ಟವರು ನೀವೊಬ್ಬರೇ," ಎಂದರು.

ಹನ್ನೊಂದು ದಿನಕ್ಕೆ ಅವರು ತೀರಿಕೊಂಡರು. ಬೆಳಿಗ್ಗೆ ಮಗಳ ಫೋನು ಬಂತು. ನಾನು ಆಫೀಸಿಗೆ ರಜೆ ಹೇಳಿ, ಕ್ಲೆಮೆಂಟಿಯಿಂದ ಬಟ್ಟೆಯ ಗಂಟು ತೆಗೆದುಕೊಂಡು, ಶವಸಂಸ್ಕಾರದ ಅಂಗಡಿಯವರ ಹಿಂದಿನ ಕೋಣೆಗೆ ಹೋದೆ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಮೊದಲ ದಿನ, ಮೊದಲ ದಿನ ಎಂದು ಒಳಗೇ ಹೇಳಿಕೊಂಡೆ. ಬಲ ಮೇಲೆ. ಮರೆಯುವಂಥದ್ದೇನಿತ್ತು ಅದರಲ್ಲಿ?

ಕೋಣೆ ತಣ್ಣಗೆ ಕೊರೆಯುತ್ತಿತ್ತು. ಅಂಗಡಿಯ ಹೆಂಗಸೊಬ್ಬಳು ಎತ್ತಲು ಇಳಿಸಲು ಜೊತೆಗಿದ್ದಳು, ಗಟ್ಟಿ ಕೈಯವಳು. ಇನ್ನೊಂದು ಮನೆಯವರು ಕಾಯುತ್ತಿದ್ದಾರೆ ಎಂದು ಎರಡು ಸಲ ಹೇಳಿದಳು. ಸೆನ್ಸೇಯ ತೋಳು ಬಗ್ಗಲಿಲ್ಲ. ಎಡತೋಳಿಗೆ ಬಟ್ಟೆ ಏರಿಸಲು ಬಹಳ ಹೊತ್ತು ಹಿಡಿಯಿತು. ಜೋರಾಗಿ ಎಳೆದರೆ ಗಂಟಿಲ್ಲದ ಹೊಲಿಗೆ ಬಿಚ್ಚಿಹೋಗುತ್ತದೆಂಬ ಭಯ. ನನ್ನ ಗಮನವೆಲ್ಲ ಆ ದಾರದ ಮೇಲಿತ್ತು. ತೋಳು ಏರಿದ ಮೇಲೆ ಉಳಿದದ್ದು ಸಲೀಸಾಗಿ ಆಯಿತು. ಬೆನ್ನಿನ ಹೊಲಿಗೆ ಬೆನ್ನಿನ ನಡುವಿಗೇ ಕೂತಿತು, ಎದೆಯ ಮೇಲಿನ ಮಡಿಕೆ ಗೆರೆ ಎಳೆದ ಹಾಗೆ ಬಂತು, ನಡುಪಟ್ಟಿ ಬಿಗಿಯಾಗಿ ನಿಂತಿತು. ಹಿಂದೆ ಸರಿದು ನೋಡಿದೆ. ಒಂದು ಸುಕ್ಕಿರಲಿಲ್ಲ. ಅಂಗಡಿಯ ಹೆಂಗಸು, "ಎಷ್ಟು ನೀಟಾಗಿ ಮಾಡಿದ್ರಿ," ಎಂದಳು. ನನಗೆ ಖುಷಿಯಾಯಿತು. ಹೆಣದ ಮುಂದೆ ನಿಂತು ನನ್ನ ಕೆಲಸಕ್ಕೆ ನಾನೇ ಭೇಷ್ ಅಂದುಕೊಂಡೆ. ಸೊಂಟ ಬಗ್ಗಿಸಿ ನಮಸ್ಕಾರವನ್ನೂ ಮಾಡಿದೆ.

ಮಧ್ಯಾಹ್ನ ಅಂಗಡಿಯವರ ಹಜಾರದಲ್ಲಿ ಪೆಟ್ಟಿಗೆಯ ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು. ಬ್ಲಾಕಿನ ನೆರೆಯವರು, ಗಂಡನ ಕಡೆಯ ನೆಂಟರು, ಹಳೆಯ ಶಿಷ್ಯೆಯರು ಯಾರೂ ಇರಲಿಲ್ಲ, ಎಲ್ಲ ತಮ್ಮ ಊರು ಸೇರಿದ್ದರು. ಮಗಳು ಫೋನಿನಲ್ಲಿ ತಾಯಿಯ ಫೋಟೊ ತೆಗೆದಳು, ಜಪಾನಿನ ದೊಡ್ಡಮ್ಮನಿಗೆ ಕಳಿಸಲು. ಆಮೇಲೆ ಪರ್ಸಿನಿಂದ ಅಪ್ಪನ ಸಣ್ಣ ಫೋಟೊ ತೆಗೆದು, "ಇದನ್ನ ಅಮ್ಮನ ಹತ್ರ ಇಡಬಹುದಾ?" ಎಂದು ನನ್ನನ್ನು ಕೇಳಿದಳು. ಇಡಿ ಎಂದೆ. ಅವಳು ತಾಯಿಯ ಬಲಗಡೆ ನಿಂತಿದ್ದಳು. ಅಲ್ಲಿಂದಲೇ ಬಗ್ಗಿ, ಎದೆಯ ಮಡಿಕೆಯೊಳಗೆ ಫೋಟೊ ತೂರಿಸಿದಳು. ಬೆರಳಿಗೆ ಏನೂ ಅಡ್ಡ ಬರಲಿಲ್ಲ. ಸೆನ್ಸೇ ಬೀಗದ ಕೈ ಇಟ್ಟುಕೊಳ್ಳುತ್ತಿದ್ದ ಹಾಗೆ ಅದು ಸಲೀಸಾಗಿ ಒಳಗೆ ಹೋಯಿತು.

ಬಗ್ಗಿ ನೋಡಿದೆ. ಎಡ ಮೇಲಿತ್ತು.

ಬೀಸಣಿಗೆಯ ಏಟು ತಿಂದು ಪಳಗಿದ ಕೈ ಕಲಿತದ್ದನ್ನೇ ಮಾಡಿತ್ತು. ಆ ಮೈಗೆ ಎಡ ಮೇಲೆ ಉಡಿಸುವುದನ್ನು ಬಿಟ್ಟು ಅದಕ್ಕೆ ಬೇರೆ ಗೊತ್ತಿರಲಿಲ್ಲ. ಸೆನ್ಸೇ ಅಲ್ಲಿ ಬದುಕಿದವರ ಹಾಗೆ ಉಟ್ಟು ಮಲಗಿದ್ದರು.

ಹೇಳಬಹುದಿತ್ತು. ಮುಚ್ಚಳ ಇನ್ನೂ ಗೋಡೆಗೆ ಒರಗಿಸಿತ್ತು. ಹತ್ತು ನಿಮಿಷ ಎಲ್ಲರೂ ಹೊರಗೆ ನಿಲ್ಲಿ, ನಾನೊಂದು ತಪ್ಪು ಮಾಡಿದ್ದೇನೆ, ಸರಿಮಾಡುತ್ತೇನೆ ಎಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಹೊತ್ತಾಯಿತು, ಮಗಳು ಅಳುತ್ತಿದ್ದಾಳೆ, ನೆಂಟರಿದ್ದಾರೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ನೆಪ ಹೇಳಿಕೊಂಡೆ. ಯಾವುದೂ ನಿಜವಲ್ಲ. ಆ ಹಜಾರದಲ್ಲಿ ಇದೆಲ್ಲ ಗೊತ್ತಿದ್ದವಳು ನಾನೊಬ್ಬಳೇ ಎಂದು ಎಲ್ಲರೂ ನನ್ನನ್ನು ಮರ್ಯಾದೆಯಿಂದ ನೋಡುತ್ತಿದ್ದರು. ಆ ಮರ್ಯಾದೆ ನನಗೆ ಬೇಕಿತ್ತು. ನಾನು ಬಾಯಿ ತೆರೆದು ಹೇಳಿದ್ದು ಇಷ್ಟು: "ಇಲ್ಲಿ ಇನ್ನೂ ಸ್ವಲ್ಪ ಹೂ ಹಾಕೋಣ." ಬಿಳಿ ಸೇವಂತಿಗೆಯನ್ನು ಎರಡು ಕೈ ತುಂಬ ತೆಗೆದು ಅವರ ಎದೆಯ ಮೇಲೆ, ಮಡಿಕೆ ಮುಚ್ಚುವ ಹಾಗೆ ಹರಡಿದೆ. ಮುಚ್ಚಳ ಹಾಕಿದರು.

ಸುಡುವ ಜಾಗದಲ್ಲಿ ನಾವು ಗಾಜಿನ ಈಚೆ ನಿಂತಿದ್ದೆವು. ಪೆಟ್ಟಿಗೆ ತನ್ನಷ್ಟಕ್ಕೆ ಹಳಿಯ ಮೇಲೆ ಜರುಗಿ ಒಳಗೆ ಹೋಯಿತು, ಬಾಗಿಲು ಇಳಿಯಿತು. ಎರಡು ನಿಮಿಷವೂ ಹಿಡಿಯಲಿಲ್ಲ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಒದ್ದೆ ಕೂದಲಲ್ಲೇ ಗಂಡನಿಗೆ ಎಲ್ಲ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿಟ್ಟು ಕೇಳಿಸಿಕೊಂಡ. ಈ ಸಲ ತಮಾಷೆ ಮಾಡಲಿಲ್ಲ.

"ಹೋದೋರಿಗೆ ಏನ್ ಗೊತ್ತಾಗತ್ತೆ, ಬಿಡೇ," ಎಂದ.

"ಅವ್ರಿಗೆ ಗೊತ್ತಾಗಲ್ಲ ಅನ್ನೋದೇ ತಾನೇ ಕಷ್ಟ. ಹೋದೆ ಅಂತ ಗೊತ್ತಾಗ್ಲಿ ಅಂತಾನೇ ಅದನ್ನ ಕೇಳಿದ್ದು."

ಅವನು ಎದ್ದು ಟವೆಲ್ ತಂದುಕೊಟ್ಟ. "ಹಾಗಿದ್ರೆ ನಾಳೆ ಆ ಮಗಳಿಗೆ ಹೇಳ್ಬಿಡು. ಹಿಂಗಾಯ್ತು, ಸಾರಿ ಅಂತ. ಒಳಗೆ ಇಟ್ಕೊಂಡು ಕೊರಗ್ಬೇಡ. ಅವ್ಳು ಬೈದ್ರೆ ಬೈಲಿ."

ಹೇಳುತ್ತೇನೆ ಎಂದು ನಿಶ್ಚಯ ಮಾಡಿಕೊಂಡೇ ಮಾರನೆಯ ಬೆಳಿಗ್ಗೆ ಅಸ್ಥಿ ಆರಿಸಲು ಹೋದೆ. ನಮ್ಮಲ್ಲೂ ಆರಿಸುತ್ತಾರೆ, ಆದರೆ ಹೆಂಗಸರು ಹೋಗುವುದಿಲ್ಲ. ಅಪ್ಪನದನ್ನು ನಾನು ನೋಡಿಲ್ಲ. ಜಪಾನಿನವರ ಕ್ರಮದಲ್ಲಿ ಇಬ್ಬರು ಎದುರುಬದುರು ನಿಂತು, ಒಂದೇ ಮೂಳೆಯನ್ನು ಇಬ್ಬರ ಚಾಪ್‌ಸ್ಟಿಕ್ಕಿನಿಂದ ಹಿಡಿದೆತ್ತಿ ಮಡಕೆಗೆ ಹಾಕಬೇಕು. ಪಾದದಿಂದ ಶುರುಮಾಡಿ ತಲೆಗೆ ಮುಗಿಸಬೇಕು, ಮಡಕೆಯಲ್ಲಿ ಅವರು ನೆಟ್ಟಗೆ ಕೂರಬೇಕಲ್ಲ. ಸೆನ್ಸೇ ಹೇಳಿಕೊಟ್ಟಿದ್ದನ್ನು ನಾನು ಮಗಳಿಗೆ ಹೇಳಿಕೊಟ್ಟೆ. ಅವಳ ಚಾಪ್‌ಸ್ಟಿಕ್ಕಿನಿಂದ ಒಂದು ತುಂಡು ಜಾರಿತು, ನಾನು ಹಿಡಿದೆ. ಈಗ ಹೇಳಲೇ, ಈ ಮೂಳೆಯಾದ ಮೇಲೆ ಹೇಳಲೇ, ಮುಂದಿನದಾದ ಮೇಲೆ ಹೇಳಲೇ ಎಂದು ಲೆಕ್ಕ ಹಾಕುತ್ತಲೇ ತಲೆಯವರೆಗೂ ಬಂದೆವು.

ಮಡಕೆ ತೆಗೆದುಕೊಂಡು ಕ್ಲೆಮೆಂಟಿಯ ಮನೆಗೆ ಬಂದು, ನಾವು ಬಟ್ಟೆ ಉಡುತ್ತಿದ್ದ ಕೋಣೆಯಲ್ಲೇ ಅದನ್ನಿಟ್ಟು ಕೂತೆವು. ಮಗಳು ಟೀ ಮಾಡಿ ತಂದಳು. ಡಬ್ಬಿಯಲ್ಲಿ ದೊಡ್ಡಮ್ಮ ಕಳಿಸಿದ್ದ ಹಸಿರು ಟೀ ಇನ್ನೂ ಇತ್ತು.

"ನಿಮ್ಮ ಮೇಲೆ ನನಗೆ ಕೋಪ ಇತ್ತು, ಯು ನೋ," ಎಂದಳು ನನ್ನ ಕಡೆ ನೋಡದೆ. "ಆಸ್ಪತ್ರೇಲಿ. ಆಮೇಲೆ ಅನ್ನಿಸ್ತು, ನೀವು ಇರೋದನ್ನ ಇರೋ ಹಾಗೆ ಹೇಳ್ತೀರಾ. ಅದಕ್ಕೇ ಅಮ್ಮ ನಿಮ್ಮನ್ನ ನಂಬಿದ್ರು. ನನಗೆ ಏನೂ ಗೊತ್ತಿರಲಿಲ್ಲ. ನೀವು ಇಲ್ದಿದ್ರೆ ಅಮ್ಮನ ಆ ಒಂದು ಆಸೆಯೂ ಆಗ್ತಿರಲಿಲ್ಲ."

ನಾನು ಬಟ್ಟಲು ಕೆಳಗಿಟ್ಟೆ. ನಿಮಗೊಂದು ವಿಷಯ ಹೇಳಬೇಕು ಎಂದು ಶುರು ಮಾಡಿಯೇಬಿಟ್ಟಿದ್ದೆ. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಜಪಾನಿನಿಂದ, ದೊಡ್ಡಮ್ಮ. ಅವಳಿಗೆ ಭಾಷೆ ಬಾರದಲ್ಲ, ಸ್ಪೀಕರಿಗೆ ಹಾಕಿ ಫೋನನ್ನು ನನ್ನ ಮುಂದಿಟ್ಟಳು.

ಮುದಿ ದನಿ, ಆದರೆ ತಂಗಿಯದೇ ದನಿ.

"ನೀವು ಭಾರತದ ಶಿಷ್ಯೆಯಲ್ಲವೇ? ತಂಗಿ ಹೇಳುತ್ತಿದ್ದಳು," ಎಂದರು ಆಕೆ. "ಫೋಟೊ ಬಂತು. ಮೊಮ್ಮಗ ದೊಡ್ಡದು ಮಾಡಿ ತೋರಿಸಿದ. ಎಡ ಮೇಲಿದೆ."

ನಾನು ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

"ಅವಳು ಬಟ್ಟೆ ಹೊಲಿದ ದಿನವೇ ನನಗೆ ಫೋನು ಮಾಡಿದ್ದಳು. ಉಡಿಸಲು ಗೊತ್ತಿರುವವರು ಇದ್ದಾರೆ, ಚಿಂತೆಯಿಲ್ಲ ಎಂದಿದ್ದಳು. ಉಡಿಸಿದವರು ಯಾರು?"

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆ ಹೇಳಿದ್ದರಲ್ಲಿ ಒಂದು ಪದವೂ ಅವಳಿಗೆ ತಿಳಿದಿರಲಿಲ್ಲ.

"ನಾನು ತಲುಪುವುದು ತಡವಾಯಿತು," ಎಂದೆ ನಾನು ಜಪಾನಿಯಲ್ಲಿ, ತುಂಬ ಸ್ವಚ್ಛವಾದ ಜಪಾನಿಯಲ್ಲಿ. "ಅಷ್ಟರಲ್ಲಿ ಅಂಗಡಿಯ ಹೆಂಗಸೇ ಉಡಿಸಿಬಿಟ್ಟಿದ್ದಳು. ಇಲ್ಲಿಯವರಿಗೆ ಗೊತ್ತಾಗುವುದಿಲ್ಲ. ದಯವಿಟ್ಟು ಕ್ಷಮಿಸಿ." ಹೇಳುವಾಗ ನನ್ನ ಸೊಂಟ ಬಗ್ಗಿತ್ತು. ಫೋನಿಗೆ, ಟೀ ಬಟ್ಟಲಿಗೆ, ಮಡಕೆಗೆ, ಯಾವುದಕ್ಕೋ.

"ಹಾಗಾದರೆ ಅವಳು ಇನ್ನೂ ಹೊರಟಿಲ್ಲ," ಎಂದರು ಆಕೆ. "ಪಾಪ. ಅಲ್ಲೇ ಎಲ್ಲೋ ಬಾಗಿಲಲ್ಲಿ ನಿಂತಿರುತ್ತಾಳೆ."

ಮಗಳು ನನ್ನ ಮೊಣಕೈ ಹಿಡಿದಳು. "ಏನಂತೆ? ದೊಡ್ಡಮ್ಮ ಏನಂತಾರೆ?"

"ಫೋಟೊ ನೋಡಿದ್ರಂತೆ," ಎಂದೆ. "ತುಂಬಾ ಚೆನ್ನಾಗಿ ಕಳಿಸಿಕೊಟ್ರಿ ಅಂತಿದಾರೆ. ನಿಮಗೆ ಥ್ಯಾಂಕ್ಸ್ ಹೇಳ್ತಿದಾರೆ."

ಅವಳ ಕಣ್ಣು ತುಂಬಿ ಬಂತು. ಎರಡೂ ಕೈಯಿಂದ ಫೋನು ಎತ್ತಿಕೊಂಡು, ತನಗೆ ಗೊತ್ತಿದ್ದ ಒಂದೇ ಒಂದು ಜಪಾನಿ ಮಾತನ್ನು, ಥ್ಯಾಂಕ್ಸ್ ಅನ್ನುವುದನ್ನು, ಹೇಳಿದಳು. ಅರಿಗಾತೊ ಎಂದಳು, ಮತ್ತೆ ಅರಿಗಾತೊ ಎಂದಳು. ಆ ಕಡೆಯಿಂದ ಉತ್ತರ ಬರಲಿಲ್ಲ, ಅವಳು ಫೋನು ಹಿಡಿದುಕೊಂಡೇ ಕಾದಳು.